ಹೊರಡಬೇಡ ಎನ್ನುವ ವಿದ್ಯೆ: ವಿಹಾರ ದೋಣಿ, ಕಲಿಕೆ, ಪರವಾನಗಿ



ನಮ್ಮ ಊರಿನ ರಸ್ತೆಯಲ್ಲಿ ಸ್ಕೂಟರ್ ಓಡಿಸಬೇಕೆಂದರೆ ಮೊದಲು ಎಲ್‌ಎಲ್‌ಆರ್ ಮಾಡಿಸಬೇಕು, ಆಮೇಲೆ ಅಧಿಕಾರಿಯ ಎದುರು ಗಾಡಿ ಓಡಿಸಿ ತೋರಿಸಬೇಕು, ಅಲ್ಲಿಗೆ ಡಿಎಲ್ ಕೈಗೆ ಬರುತ್ತದೆ. ಈ ವ್ಯವಸ್ಥೆಯಲ್ಲಿ ಎಷ್ಟು ತೂತುಗಳಿವೆ ಎಂಬುದು ನಮಗೆಲ್ಲ ಗೊತ್ತು. ಆದರೂ ಡಿಎಲ್ ಬೇಡವೇ ಬೇಡ ಎಂದು ಯಾರೂ ವಾದಿಸುವುದಿಲ್ಲ. ರಸ್ತೆ ಮುಗಿದು ನೀರು ಶುರುವಾದ ಕೂಡಲೇ ಈ ಒಮ್ಮತ ಕಾಣೆಯಾಗುತ್ತದೆ. ಬ್ರಿಟನ್ನಿನಲ್ಲಿ ಸ್ವಂತ ಮೋಟಾರ್ ಬೋಟ್ ಕೊಂಡವನು ಯಾವ ಪರೀಕ್ಷೆಯನ್ನೂ ಬರೆಯದೆ ಅದೇ ಸಂಜೆ ಸಮುದ್ರಕ್ಕೆ ಇಳಿಯಬಹುದು. ನ್ಯೂಜಿಲೆಂಡಿನಲ್ಲೂ ಹಾಗೆಯೇ. ಅಮೆರಿಕದ ಫ್ಲಾರಿಡಾದಲ್ಲಿ ಕಾನೂನು ಇದೆ, ಆದರೆ ಅದು 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅನ್ವಯಿಸುತ್ತದೆ. ಅಲ್ಲಿ ಇಪ್ಪತ್ತೈದರ ಯುವಕ ಸುರಕ್ಷತಾ ಕಾರ್ಡ್ ತೋರಿಸಬೇಕು; ನಿವೃತ್ತಿಯ ಹಣದಲ್ಲಿ ಜೀವನದ ಮೊದಲ ಬೋಟ್ ಕೊಂಡ ಅರವತ್ತೈದರ ಹಿರಿಯರನ್ನು ಕೇಳುವವರಿಲ್ಲ. ವಯಸ್ಸಾದವರಿಗೆ ನೀರು ತಾನಾಗಿ ಅರ್ಥವಾಗಿರುತ್ತದೆ ಎಂದು ಕಾನೂನೇ ಭಾವಿಸಿದಂತಿದೆ.

ವಿಹಾರಕ್ಕೆಂದು ದೋಣಿ ನಡೆಸುವವರಿಗೆ ಕಲಿಕೆಯೂ ಪರವಾನಗಿಯೂ ಕಡ್ಡಾಯವಾಗಬೇಕು ಎಂಬುದು ಇಂದಿನ ನನ್ನ ವಾದ. ಅದಕ್ಕೆ ಕಾರಣವಾಗಿ ನಾನು ಮುಂದಿಡುವುದು ಕೌಶಲದ ಮಾತನ್ನಲ್ಲ. ಹುಟ್ಟು ಹಾಕುವುದು, ಚುಕ್ಕಾಣಿ ಹಿಡಿಯುವುದು, ಎಂಜಿನ್ ಚಾಲೂ ಮಾಡುವುದು ಯಾರಿಗಾದರೂ ಅರ್ಧ ದಿನದಲ್ಲಿ ಬಂದೀತು. ನೀರಿನ ಮೇಲೆ ಜೀವ ಉಳಿಸುವ ತಿಳಿವಳಿಕೆಯ ಬಹುಪಾಲು ‘ಬೇಡ’ ಎನ್ನುವುದರಲ್ಲಿದೆ. ಇಷ್ಟು ಜನ ಬೇಡ, ಈ ಗಾಳಿಯಲ್ಲಿ ಬೇಡ, ಕತ್ತಲಾದ ಮೇಲೆ ಬೇಡ, ಕುಡಿದು ಬೇಡ, ಜಾಕೆಟ್ ತೊಡದೆ ಬೇಡ. ಇಂಥ ‘ಬೇಡ’ವನ್ನು ಹೇಳಲು ಮೊದಲು ಅದು ಗೊತ್ತಿರಬೇಕು, ಗೊತ್ತಿದ್ದರೆ ಸಾಲದು, ಹೇಳುವ ಬಲವೂ ಬೇಕು. ಕಲಿಕೆ ಕೊಡುವುದು ಮೊದಲನೆಯದನ್ನು, ಪರವಾನಗಿ ಕೊಡುವುದು ಎರಡನೆಯದನ್ನು. ಈ ಎರಡರಲ್ಲಿ ಒಂದನ್ನು ಬಿಟ್ಟರೆ ಇನ್ನೊಂದು ಅರೆಬರೆಯಾಗುತ್ತದೆ.

ದೋಣಿ ನಡೆಸುವುದು ಕಾರು ಓಡಿಸಿದಂತೆಯೇ, ಇನ್ನೂ ಸುಲಭ, ಎದುರಿಗೆ ವಾಹನಗಳೇ ಇರುವುದಿಲ್ಲ ಎಂಬ ಭಾವನೆ ತುಂಬ ವ್ಯಾಪಕವಾಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ದೋಣಿಗೆ ಬ್ರೇಕ್ ಇಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಅದು ಬಂದ ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ಕಾರು ಮುಂಗಾಲಿಗಳಿಂದ ತಿರುಗಿದರೆ ದೋಣಿ ತಿರುಗುವುದು ಹಿಂಭಾಗದಿಂದ. ಮೂತಿ ಬಲಕ್ಕೆ ಹೊರಳುವಾಗ ಹಿಂಬದಿ ಎಡಕ್ಕೆ ಬೀಸಿಕೊಂಡು ಹೋಗುತ್ತದೆ, ಅಲ್ಲಿ ಈಜುತ್ತಿರುವವನಿಗೆ ಪ್ರೊಪೆಲರ್ ತಗಲುತ್ತದೆ. ನೀರಿನ ಮೇಲೆ ಗೆರೆಗಳಿಲ್ಲ, ಸಿಗ್ನಲ್ ಇಲ್ಲ, ಆದರೆ ನಿಯಮಗಳಿವೆ. ಎರಡು ಯಾಂತ್ರಿಕ ದೋಣಿಗಳು ಅಡ್ಡಹಾಯುವಂತಿದ್ದರೆ, ಇನ್ನೊಂದು ದೋಣಿ ಯಾರ ಬಲಗಡೆ ಇದೆಯೋ ಅವರು ದಾರಿ ಬಿಡಬೇಕು. 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ರಾತ್ರಿ ಇದನ್ನು ತಿಳಿಯಲು ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ದೀಪ ಇಡುತ್ತಾರೆ. ನಿಮ್ಮ ಬಲಗಡೆಯಿಂದ ಅಡ್ಡ ಬರುವ ದೋಣಿಯ ಎಡಬದಿ ನಿಮಗೆ ಕಾಣುತ್ತದೆ, ಅಂದರೆ ಕೆಂಪು ದೀಪ. ಕೆಂಪು ಕಂಡರೆ ನೀವು ದಾರಿ ಬಿಡಬೇಕು. ಎಷ್ಟು ಸರಳವಾದ, ಎಷ್ಟು ಜಾಣತನದ ಏರ್ಪಾಡು! ಆದರೆ ಇದನ್ನು ಯಾರೂ ಹೇಳಿಕೊಡದೆ ಊಹಿಸಿಕೊಳ್ಳಲಾಗದು. ಕತ್ತಲಲ್ಲಿ ಎದುರಾದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಇದು ಗೊತ್ತಿದ್ದರೆ ಆ ಒಬ್ಬನ ಜ್ಞಾನದಿಂದ ಅರ್ಧ ಪ್ರಯೋಜನವೂ ಇಲ್ಲ. ಕಲಿಕೆ ಐಚ್ಛಿಕವಾಗಿದ್ದರೆ ಸಾಲದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕೆಂದು ನನಗನಿಸುತ್ತದೆ. ನಿಯಮ ಎಲ್ಲರಿಗೂ ಗೊತ್ತಿದ್ದಾಗಲೇ ಅದು ನಿಯಮ.

ಇನ್ನೊಂದು ಸಣ್ಣ ವಸ್ತುವನ್ನು ಹತ್ತಿರದಿಂದ ನೋಡೋಣ. ಚಿಕ್ಕ ಮೋಟಾರ್ ಬೋಟುಗಳಲ್ಲಿ ಎಂಜಿನ್ ಸ್ವಿಚ್ಚಿನ ಬಳಿ ಸುರುಳಿ ಸುತ್ತಿದ ಒಂದು ದಾರ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಅದರ ಒಂದು ತುದಿ ಸ್ವಿಚ್ಚಿಗೆ ಸಿಕ್ಕಿಸಿರುತ್ತದೆ, ಇನ್ನೊಂದು ತುದಿಯ ಕೊಕ್ಕೆಯನ್ನು ನಡೆಸುವವನು ತನ್ನ ಜಾಕೆಟ್ಟಿಗೋ ಮಣಿಕಟ್ಟಿಗೋ ಹಾಕಿಕೊಳ್ಳಬೇಕು. ಆತ ಆಯ ತಪ್ಪಿ ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ಅಲ್ಲೇ ನಿಲ್ಲುತ್ತದೆ. ದಾರ ಸಿಕ್ಕಿಸಿಕೊಂಡಿರದಿದ್ದರೆ? ಹಿಡಿದ ಕೈ ಸಡಿಲಿದ ಎಂಜಿನ್ ಒಂದು ಪಕ್ಕಕ್ಕೆ ಹೊರಳಿ, ಬೋಟ್ ತನ್ನಷ್ಟಕ್ಕೆ ಬಿಗಿಯಾದ ವೃತ್ತದಲ್ಲಿ ಸುತ್ತತೊಡಗುತ್ತದೆ. ಬಿದ್ದವನು ಆ ವೃತ್ತದೊಳಗೇ ಇರುತ್ತಾನೆ; ಅವನದೇ ಬೋಟ್ ಮತ್ತೆ ಮತ್ತೆ ಅವನ ಮೇಲೇ ಬರುತ್ತದೆ. 26 ಅಡಿಗಿಂತ ಚಿಕ್ಕದಾದ ಬೋಟುಗಳಲ್ಲಿ ಈ ದಾರದ ಬಳಕೆಯನ್ನು ಅಮೆರಿಕದ ಒಕ್ಕೂಟ ಸರ್ಕಾರ 2021ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿತು. ಗಮನಿಸಿ, ದಾರ ಎಷ್ಟೋ ವರ್ಷಗಳಿಂದ ಬೋಟುಗಳಲ್ಲೇ ತೂಗಾಡುತ್ತಿತ್ತು. ಬೋಟಿನ ಜೊತೆಗೆ ಬಂದ ವಸ್ತು ಏತಕ್ಕೆಂದು ತಿಳಿಯದವನಿಗೆ ಅದೊಂದು ಅಡ್ಡಿ, ಕೈಕಾಲಿಗೆ ತೊಡರುವ ಹಗ್ಗ, ಅಷ್ಟೇ.

ಈಗ ಅಂಕಿಅಂಶಗಳಿಗೆ ಬರೋಣ. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿವರ್ಷ ವಿಹಾರ ದೋಣಿಗಳ ಅಪಘಾತಗಳ ವರದಿ ಪ್ರಕಟಿಸುತ್ತದೆ. 2023ರಲ್ಲಿ 564 ಮಂದಿ ಸತ್ತರು. ಸಾವಿನ ಕಾರಣ ತಿಳಿದ ಪ್ರಕರಣಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮುಳುಗಿ ಸತ್ತವರು; ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ನಡೆಸಿದವನ ತರಬೇತಿಯ ವಿವರ ಸಿಕ್ಕ ಪ್ರಕರಣಗಳಲ್ಲಿ, ನೂರಕ್ಕೆ 75 ಸಾವುಗಳು ಸುರಕ್ಷತಾ ಶಿಕ್ಷಣ ಪಡೆಯದವರು ನಡೆಸುತ್ತಿದ್ದ ದೋಣಿಗಳಲ್ಲಿ ಆದವು. ಪರವಾನಗಿ ಬೇಕೆನ್ನುವವರು ಈ 75ನ್ನು ಎತ್ತಿ ಹಿಡಿದು ಮಾತು ಮುಗಿಸಿಬಿಡುತ್ತಾರೆ. ನಾನೂ ಪರವಾನಗಿಯ ಪಕ್ಷದವನೇ, ಆದರೂ ಹಾಗೆ ಮುಗಿಸುವುದು ಸರಿಯಲ್ಲ. ದೋಣಿ ನಡೆಸುವವರಲ್ಲಿ ನೂರಕ್ಕೆ 75 ಮಂದಿ ತರಬೇತಿ ಇಲ್ಲದವರೇ ಆಗಿದ್ದರೆ, ಸಾವುಗಳಲ್ಲಿ ಅವರ ಪಾಲು 75 ಇರುವುದರಲ್ಲಿ ಆಶ್ಚರ್ಯವೇನಿಲ್ಲ. ಆಗ ಈ ಅಂಕಿ ತರಬೇತಿಯ ಪರವಾಗಿ ಏನನ್ನೂ ಹೇಳುವುದಿಲ್ಲ. ತಾವಾಗಿ ತರಗತಿಗೆ ಹೋಗುವವರು ಸ್ವಭಾವದಿಂದಲೇ ಎಚ್ಚರದವರೂ ಇರಬಹುದು. ವಾದಕ್ಕೆ ಅನುಕೂಲವೆಂದು ಅಂಕಿಯನ್ನು ಅದು ಹೊರಲಾರದಷ್ಟು ಭಾರ ಹೊರಿಸಿದರೆ, ಎದುರಾಳಿ ಒಂದು ಪ್ರಶ್ನೆ ಕೇಳಿದ ಕೂಡಲೇ ಇಡೀ ವಾದ ಕುಸಿಯುತ್ತದೆ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ ಸಾಕ್ಷ್ಯ ಬೇರೆಡೆ ಇದೆ. 2019ರಲ್ಲಿ ಅಮೆರಿಕದ ವಿಹಾರ ದೋಣಿಗಳಲ್ಲಿ 613 ಮಂದಿ ಸತ್ತಿದ್ದರು. 2020ರಲ್ಲಿ, ಕೋವಿಡ್ ವರ್ಷದಲ್ಲಿ, ಆ ಸಂಖ್ಯೆ 767ಕ್ಕೆ ಏರಿತು, ಒಂದೇ ವರ್ಷಕ್ಕೆ ನೂರಕ್ಕೆ 25ರಷ್ಟು ಏರಿಕೆ. ಚಿತ್ರಮಂದಿರ, ಹೋಟೆಲುಗಳು ಬಂದ್ ಆಗಿ ವಿಮಾನ ಪ್ರಯಾಣ ತೀರ ಕಡಿಮೆಯಾಗಿದ್ದಾಗ ಜನ ಕೆರೆ, ನದಿ, ಕಡಲಿನ ಕಡೆ ಹೊರಟಿದ್ದರು. ನೀರಿಗೆ ಇಳಿದವರ ಸಂಖ್ಯೆ ಹೆಚ್ಚಿದ್ದರಿಂದ ಸಾವೂ ಹೆಚ್ಚಿತು ಎನ್ನುವುದು ನಿಜ. ಹಾಗೆ ಬಂದವರಲ್ಲಿ ಹೊಸಬರು ಬಹಳ ಎಂಬುದೂ ನಿಜ. ಇನ್ನು ದೀರ್ಘ ಕಾಲದ ಲೆಕ್ಕ: 1973ರಲ್ಲಿ ಸತ್ತವರು 1,754, ಐವತ್ತು ವರ್ಷಗಳ ಬಳಿಕ 564, ಆ ನಡುವೆ ನೋಂದಾಯಿತ ದೋಣಿಗಳು ಹೆಚ್ಚುಕಡಿಮೆ ದುಪ್ಪಟ್ಟಾಗಿ ಒಂದು ಕೋಟಿ ಹದಿನೈದು ಲಕ್ಷ ದಾಟಿದ್ದವು. ಈ ಇಳಿಕೆಯ ಕೀರ್ತಿ ಪರವಾನಗಿಯೊಂದಕ್ಕೇ ಸಲ್ಲುವುದಿಲ್ಲ. 1971ರ ದೋಣಿ ಸುರಕ್ಷತಾ ಕಾಯ್ದೆಯಿಂದ ಚಿಕ್ಕ ದೋಣಿಗಳಿಗೆ ಮಗುಚಿದರೂ ತೇಲುವ ಗುಣ ಬಂತು, ಎಷ್ಟು ಜನ ಎಷ್ಟು ತೂಕ ಎಂಬ ಫಲಕ ಬಂತು, ಜಾಕೆಟ್ಟುಗಳು ಸುಧಾರಿಸಿದವು. ಆದರೆ ಫಲಕ ಓದದವನಿಗೆ ಫಲಕ ಏನು ಮಾಡೀತು? ವಸ್ತು ಸುಧಾರಿಸುತ್ತ ಬಂದ ಮೇಲೆ ಉಳಿದಿರುವುದು ಮನುಷ್ಯ. ಅದೇ ವರದಿಗಳಲ್ಲಿ ವರ್ಷ ವರ್ಷವೂ ಅಪಘಾತದ ಕಾರಣಗಳೆಂದು ಮೇಲ್ಪಂಕ್ತಿಯಲ್ಲಿ ಕಾಣುವುದು ನಡೆಸುವವನ ಅಜಾಗ್ರತೆ, ಅನನುಭವ, ಅತಿವೇಗ, ಸುತ್ತ ಕಣ್ಣಿಡದಿರುವುದು; ಜೀವಹಾನಿಯ ಅಪಘಾತಗಳಲ್ಲಂತೂ ಮೊದಲ ಸ್ಥಾನ ಕುಡಿತಕ್ಕೆ.

ಕಾನೂನು ಮಾಡಿದವರು ಏನು ಮಾಡಿದರು? ಅಲಬಾಮಾ 1994ರಲ್ಲಿ ದೋಣಿ ನಡೆಸುವವರಿಗೆ ಪರವಾನಗಿ ಕಡ್ಡಾಯ ಮಾಡಿದ ಅಮೆರಿಕದ ಮೊದಲ ರಾಜ್ಯ. ಅದು ಪ್ರತ್ಯೇಕ ಕಾಗದವನ್ನೂ ಸೃಷ್ಟಿಸಲಿಲ್ಲ; ವಾಹನದ ಲೈಸೆನ್ಸಿನ ಮೇಲೆಯೇ ನೌಕೆಯ ಗುರುತಾಗಿ ಒಂದು ಅಕ್ಷರ ಸೇರಿಸಿತು. ಆಗಲೇ ನಲವತ್ತು ದಾಟಿದ್ದವರಿಗೆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು, ಆದರೆ ಪರವಾನಗಿಯಿಂದ ಕೊಡಲಿಲ್ಲ. ಈ ಸೂಕ್ಷ್ಮವನ್ನು ಗಮನಿಸಬೇಕು: ಪರೀಕ್ಷೆ ಬರೆಯದಿದ್ದರೂ ತಪ್ಪು ಮಾಡಿದರೆ ಕಳೆದುಕೊಳ್ಳಲು ಅವರ ಕೈಯಲ್ಲಿ ಏನೋ ಒಂದು ಇತ್ತು. ಕೆನಡಾ ಇನ್ನೂ ನಿಧಾನವಾಗಿ ಹೆಜ್ಜೆ ಇಟ್ಟಿತು. 1999ರಲ್ಲಿ ಕಿರಿಯರಿಂದ ಆರಂಭಿಸಿ, ಹತ್ತು ವರ್ಷಗಳ ಬಳಿಕ, 2009ರ ಸೆಪ್ಟೆಂಬರ್ 15ರಿಂದ ಮೋಟಾರ್ ಇರುವ ವಿಹಾರ ದೋಣಿ ನಡೆಸುವ ಎಲ್ಲರಿಗೂ ಸಾಮರ್ಥ್ಯದ ಪುರಾವೆ ಬೇಕೆಂದಿತು. ಜರ್ಮನಿಯಲ್ಲಿ 15 ಅಶ್ವಶಕ್ತಿ ಮೀರಿದ ಎಂಜಿನ್ನಿಗೆ ಪರವಾನಗಿ ಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಅಳೆಯುವುದು ವೇಗವನ್ನು: ಗಂಟೆಗೆ 10 ನಾಟಿಕಲ್ ಮೈಲಿ ಮುಟ್ಟಿದರೆ ಲೈಸೆನ್ಸ್. ಈ ಅಳತೆಗೋಲುಗಳಲ್ಲಿ ಜರ್ಮನಿಯದು, ಆಸ್ಟ್ರೇಲಿಯಾದ್ದು ನನಗೆ ಒಪ್ಪಿಗೆ, ಫ್ಲಾರಿಡಾದ್ದು ಇಲ್ಲ. ಅಪಾಯ ಇರುವುದು ಎಂಜಿನ್ನಿನಲ್ಲಿ, ವೇಗದಲ್ಲಿ. ಹುಟ್ಟಿದ ತಾರೀಖಿನಲ್ಲಿ ಅಲ್ಲ.

ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಸ್ವಾತಂತ್ರ್ಯದ್ದು ಎಂದು ಹಲವರು ಭಾವಿಸುತ್ತಾರೆ. ನೀರು ಮನುಷ್ಯನಿಗೆ ಉಳಿದಿರುವ ಕೊನೆಯ ಬಯಲು, ಅಲ್ಲಿಗೂ ಅರ್ಜಿ ನಮೂನೆ ತರಬೇಡಿ ಎನ್ನುತ್ತಾರೆ. ಒಬ್ಬನೇ ಹುಟ್ಟು ಹಾಕಿಕೊಂಡು ಹೋಗುವವನ ವಿಷಯದಲ್ಲಿ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವನಿಗೆ ಪರವಾನಗಿ ಬೇಡ. ಆದರೆ ವೇಗದ ಬೋಟಿನ ಚುಕ್ಕಾಣಿ ಹಿಡಿದವನು ಇತರರ ಪ್ರಾಣವನ್ನೂ ಹಿಡಿದಿರುತ್ತಾನೆ. ಅವನ ಹಿಂದೆ ಕುಳಿತ ಮಕ್ಕಳು ಈ ಸ್ವಾತಂತ್ರ್ಯಕ್ಕೆ ಸಹಿ ಹಾಕಿದವರಲ್ಲ. ಎರಡನೆಯ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ತೂಕವಿದೆ. ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಐವತ್ತು ಪ್ರಶ್ನೆಗಳಿಗೆ ಗುರುತು ಹಾಕಿ ಪಡೆದ ಕಾರ್ಡಿನಿಂದ ಯಾರು ದೋಣಿ ನಡೆಸಲು ಕಲಿತಾರು? ಕೆನಡಾದ ಕಾರ್ಡಿಗೆ ನೂರಕ್ಕೆ 75 ಅಂಕ ಬಂದರೆ ಸಾಕು, ನೀರಿಗೆ ಇಳಿಯಲೇಬೇಕಿಲ್ಲ, ಒಮ್ಮೆ ಸಿಕ್ಕರೆ ಜೀವಮಾನವಿಡೀ ನಡೆಯುತ್ತದೆ. ಈ ಟೀಕೆ ನ್ಯಾಯವಾದದ್ದು. ಆದರೆ ಅದರಿಂದ ಹೊರಡುವ ತೀರ್ಮಾನ ಪರೀಕ್ಷೆಯನ್ನು ನೀರಿಗೆ ಇಳಿಸಿ ಎಂಬುದು, ಪರೀಕ್ಷೆಯನ್ನೇ ಕೈಬಿಡಿ ಎಂಬುದಲ್ಲ. ಬರೀ ಲಿಖಿತ ಪರೀಕ್ಷೆಯೂ ಕೆಂಪು ದೀಪದ ಅರ್ಥ, ಫಲಕದ ಅರ್ಥ, ದಾರದ ಅರ್ಥ ಕಲಿಸುತ್ತದೆ. ಹೊಯ್ದಾಡುವ ದೋಣಿಯನ್ನು ದಕ್ಕೆಗೆ ತಾಗಿಸುವುದನ್ನು ಮಾತ್ರ ಅದು ಕಲಿಸಲಾರದು.

ಲೈಫ್ ಜಾಕೆಟ್ ತೊಡುವುದನ್ನು ಬಿಗಿಯಾಗಿ ಜಾರಿ ಮಾಡಿದರೆ ಮಿಕ್ಕಿದ್ದೆಲ್ಲ ಬೇಡ ಎನ್ನುವ ಮೂರನೆಯ ಗುಂಪೊಂದಿದೆ. 87ರ ಅಂಕಿಯನ್ನು ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಜನ ಜಾಕೆಟ್ ಏಕೆ ತೊಡುವುದಿಲ್ಲ? ‘ನನಗೆ ಈಜು ಬರುತ್ತದೆ’ ಎಂಬ ಒಂದೇ ವಾಕ್ಯದ ದೆಸೆಯಿಂದ. ಈ ವಾಕ್ಯ ಉತ್ತರ ಅಮೆರಿಕದ ಕೆರೆಗಳಲ್ಲಿ ಎಷ್ಟು ಸುಳ್ಳಾಗುತ್ತದೆ ಎಂಬುದನ್ನು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಮೂರು ಅಂಕಿಗಳಲ್ಲಿ ಹೇಳಿದ್ದಾರೆ: ಒಂದು, ಹತ್ತು, ಒಂದು. ತಣ್ಣೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರಾಗುತ್ತದೆ, ಆಗ ಬಾಯಿ ನೀರೊಳಗಿದ್ದರೆ ನೀರನ್ನೇ ಒಳಗೆಳೆಯುತ್ತದೆ; ಮುಂದಿನ ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ, ಆಮೇಲೆ ಕೇಳುವುದಿಲ್ಲ; ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಂದರೆ ಚಳಿಗೆ ಸಾಯುವ ಮುಂಚೆಯೇ, ಈಜು ಬಲ್ಲವನೂ ಈಜಲಾಗದೆ ಮುಳುಗುತ್ತಾನೆ. ಅಲ್ಲಿಗೆ ವಲಸೆ ಹೋದ ನಮ್ಮ ಕನ್ನಡ ಕುಟುಂಬಗಳಿಗೆ ಇದು ತೀರ ಮುಖ್ಯವಾದ ಸಂಗತಿ. ಮೇ ತಿಂಗಳ ಬಿಸಿಲು ನಮ್ಮ ಬಿಸಿಲಿನಂತೆಯೇ ಇರುತ್ತದೆ, ಕೆರೆಯ ನೀರಿನಲ್ಲಿ ಮಾತ್ರ ಇನ್ನೂ ಚಳಿಗಾಲವೇ ಇರುತ್ತದೆ. ತುಂಗಭದ್ರೆಯಲ್ಲೋ ಊರ ಬಾವಿಯಲ್ಲೋ ಕಲಿತ ಈಜು ಅಲ್ಲಿ ಕೈಕೊಡುತ್ತದೆ. ಜಾಕೆಟ್ ತೊಡಿಸುವುದು ಕೂಡ ಕೊನೆಗೆ ಕಲಿಕೆಯ ಕೆಲಸವೇ. ಅಲ್ಲದೆ ಜಾಕೆಟ್ ಕಾಪಾಡುವುದು ಅಪಘಾತವಾದ ಮೇಲೆ. ಅದು ಡಿಕ್ಕಿಯನ್ನು ತಪ್ಪಿಸದು, ಪ್ರೊಪೆಲರನ್ನು ತಡೆಯದು.

ಇನ್ನು ನಮ್ಮ ನಾಡಿನ ಮಾತು. ನಮ್ಮಲ್ಲಿ ಸ್ವಂತ ಬೋಟ್ ಇಟ್ಟುಕೊಂಡು ವಿಹರಿಸುವವರು ಕಡಿಮೆ. ವಿಹಾರಕ್ಕೆಂದು ಬಂದು ಇನ್ನೊಬ್ಬರ ದೋಣಿ ಹತ್ತುವವರೇ ಹೆಚ್ಚು. ಹಂಪಿಯ, ಹೊಗೇನಕಲ್ಲಿನ ಹರಿಗೋಲು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟು, ಹೊನ್ನಾವರದ ಶರಾವತಿ, ದಾಂಡೇಲಿಯ ಕಾಳಿ. ಆದ್ದರಿಂದ ಈ ಪ್ರಶ್ನೆ ನಮಗೆ ಬೇರೆ ರೂಪದಲ್ಲಿ ಎದುರಾಗುತ್ತದೆ, ಹೆಚ್ಚು ಕ್ರೂರವಾಗಿ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಮಂದಿ ಸತ್ತರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಪಕ್ಕಕ್ಕೆ ಸರಿದಾಗ ಎರಡಂತಸ್ತಿನ ಬೋಟ್ ವಾಲಿ 45 ಜೀವಗಳು ಹೋದವು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನೇ ಪ್ರವಾಸಿ ಬೋಟಾಗಿ ಮಾರ್ಪಡಿಸಿ, ಮಿತಿ ಮೀರಿ ಜನ ತುಂಬಿ, ಕತ್ತಲಾದ ಮೇಲೆ ಹೊರಡಿಸಿದ್ದರಿಂದ 22 ಮಂದಿ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಆ ದೋಣಿಯಲ್ಲಿ ಎಲ್ಲರಿಗೂ ಜಾಕೆಟ್ ಇರಲಿಲ್ಲ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1917ರ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಯಾಂತ್ರಿಕ ನೌಕೆಗಳ ತಪಾಸಣೆ, ನೋಂದಣಿ, ನಡೆಸುವವರ ಅರ್ಹತಾ ಪ್ರಮಾಣಪತ್ರ ಎಲ್ಲ ಅದರಲ್ಲಿವೆ. ಇದ್ದ ನಿಯಮವನ್ನೇ ಮುರಿದು ದುರಂತವಾದರೆ ಇನ್ನೊಂದು ಪರವಾನಗಿಯಿಂದ ಏನು ಬಂತು, ಲಂಚಕ್ಕೆ ಇನ್ನೊಂದು ಕಿಟಕಿ ತೆರೆದಂತಾಯಿತಲ್ಲವೇ ಎಂದು ನೀವು ಕೇಳಬಹುದು. ಈ ಪ್ರಶ್ನೆಯ ಹಿಂದೆ ಇರುವ ನೋವು ನನಗೂ ಇದೆ. ಆದರೆ ತಾನೂರಿನದರಂಥ ಸಂಜೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ದಕ್ಕೆಯಲ್ಲಿ ಜನ ಕಾದಿದ್ದಾರೆ, ಮಾಲೀಕ ‘ಇನ್ನೊಂದು ಟ್ರಿಪ್’ ಎನ್ನುತ್ತಾನೆ, ಪ್ರವಾಸಿಗರು ‘ನಾಲ್ಕು ಜನ ತಾನೇ, ಅಡ್ಜಸ್ಟ್ ಮಾಡಿ’ ಎನ್ನುತ್ತಾರೆ. ಚುಕ್ಕಾಣಿಯ ಬಳಿ ನಿಂತ ದಿನಗೂಲಿಯವನಿಗೆ ಇದು ಅಪಾಯವೆಂದು ಗೊತ್ತಿದ್ದರೂ ಅವನು ಯಾವ ಬಲದ ಮೇಲೆ ಬೇಡ ಎನ್ನಬೇಕು? ಬೇಡ ಎಂದರೆ ನಾಳೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಆ ಇನ್ನೊಬ್ಬನಿಗೂ ಪರವಾನಗಿ ಇರಲೇಬೇಕು, ಹೆಚ್ಚು ಜನ ಹತ್ತಿಸಿದರೆ ಇಬ್ಬರ ಪರವಾನಗಿಯೂ ಹೋಗುತ್ತದೆ, ಮಾಲೀಕನ ದೋಣಿಯೂ ನಿಲ್ಲುತ್ತದೆ ಎಂದಾಗ ಮಾತ್ರ ‘ಲೈಸೆನ್ಸ್ ಹೋಗುತ್ತದೆ ಸ್ವಾಮಿ, ಆಗುವುದಿಲ್ಲ’ ಎಂಬ ಮಾತು ಅವನ ಬಾಯಿಗೆ ಬರುತ್ತದೆ. ಬಾಡಿಗೆಗೆ ಬೋಟ್ ಕೊಡುವ ಅಂಗಡಿಯವನಿಗೂ ಇದೇ ಮಾತು. ಪಾನಮತ್ತ ಗಿರಾಕಿಯನ್ನು ವಾಪಸು ಕಳಿಸಲು ಅವನಿಗೂ ಒಂದು ನೆಪ ಬೇಕು. ಕಾನೂನಿಗಿಂತ ಒಳ್ಳೆಯ ನೆಪ ಯಾವುದಿದೆ?

ತಲೆತಲಾಂತರದಿಂದ ನೀರನ್ನೇ ನಂಬಿ ಬದುಕಿದ ಅಂಬಿಗರನ್ನು ಇದು ಬೀದಿಪಾಲು ಮಾಡುತ್ತದೆಯೇ? ಮಾಡಕೂಡದು. ಹೊಳೆಯ ಸುಳಿ ಎಲ್ಲಿದೆ, ಅಣೆಕಟ್ಟಿನ ಬಾಗಿಲು ತೆಗೆದಾಗ ಸೆಳವು ಯಾವ ಕಡೆ ಹೊರಳುತ್ತದೆ ಎಂಬುದನ್ನು ಬಲ್ಲವನಿಗೆ ನಾವು ಇಂಗ್ಲಿಷಿನ ಪ್ರಶ್ನೆಪತ್ರಿಕೆ ಕೊಟ್ಟು ಅನುತ್ತೀರ್ಣನೆನ್ನುವುದು ಅನ್ಯಾಯ. ಅವನ ಪರೀಕ್ಷೆ ಅವನ ದಕ್ಕೆಯಲ್ಲೇ, ಕನ್ನಡದಲ್ಲೇ, ಕೊಂಕಣಿಯಲ್ಲೇ, ಬಾಯಿಮಾತಿನಲ್ಲೇ, ಅವನದೇ ದೋಣಿಯಲ್ಲಿ ನಡೆಯಬೇಕು; ಶುಲ್ಕ ಇರಬಾರದು. ಆದರೂ ಅವನು ಕಲಿಯಬೇಕಾದದ್ದು ಸ್ವಲ್ಪ ಇದೆ, ಏಕೆಂದರೆ ಅವನ ಅಪ್ಪ ದಾಟಿಸಿದ್ದು ನೀರನ್ನು ಬಲ್ಲ ಊರಿನವರನ್ನು. ಇವನು ಹತ್ತಿಸಿಕೊಳ್ಳುವುದು ಫೋಟೊಗಾಗಿ ಥಟ್ಟನೆ ಎದ್ದು ನಿಲ್ಲುವ ಪೇಟೆಯವರನ್ನು. ಹರಿಗೋಲಿನಲ್ಲಿ ಕುಳಿತವನು ಎದ್ದರೆ ದೋಣಿಯ ತೂಕದ ಕೇಂದ್ರ ಮೇಲೇರುತ್ತದೆ. ನಾಲ್ಕು ಜನ ಒಟ್ಟಿಗೆ ಎದ್ದು ಒಂದೇ ಅಂಚಿಗೆ ವಾಲಿದರೆ ಎಂಥ ನಿಪುಣ ಅಂಬಿಗನೂ ಹುಟ್ಟಿನಿಂದ ಅದನ್ನು ಸರಿಪಡಿಸಲಾರ. ತೇಕ್ಕಡಿಯಲ್ಲಿ ಕಂಡದ್ದು ಇದೇ ಬಗೆಯ ಪಾಠ, ದೊಡ್ಡ ಪ್ರಮಾಣದಲ್ಲಿ.

ಆದ್ದರಿಂದ ಪ್ರಯಾಣಿಕರ ಕಲಿಕೆಯನ್ನು ಪರವಾನಗಿಯ ಷರತ್ತಿನೊಳಗೇ ಸೇರಿಸಬೇಕೆಂಬುದು ನನ್ನ ಸೂಚನೆ. ಹೊರಡುವ ಮುನ್ನ ಎರಡು ನಿಮಿಷ: ಎಷ್ಟು ಜನ, ಯಾರು ಎಲ್ಲಿ ಕೂರಬೇಕು, ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜದೆ ಅದನ್ನೇ ಹಿಡಿದು ತೇಲುವುದು ಏಕೆ ಮೇಲು. ಈ ಎರಡು ನಿಮಿಷ ಮಾತಾಡದೆ ಹಗ್ಗ ಬಿಚ್ಚಿದವನಿಗೆ ದಂಡ. ಶಾಲಾ ಪ್ರವಾಸ ಕರೆದೊಯ್ಯುವ ಶಿಕ್ಷಕರಿಗೆ ಒಂದು ಬೆಳಗಿನ ತರಬೇತಿ, ದೋಣಿ ಹತ್ತಿಸಲು ನಿರಾಕರಿಸುವ ಲಿಖಿತ ಅಧಿಕಾರ. ದಕ್ಕೆಯ ಪಕ್ಕದಲ್ಲಿ ಜಾಕೆಟ್ಟುಗಳ ರಾಶಿ ಇದ್ದರೆ ಸಾಲದು, ಅಳತೆ ನೋಡಿ ತೊಡಿಸುವ ಒಬ್ಬರು ಇರಬೇಕು. ಮನುಷ್ಯನ ದೇಹ ನೀರಿನಲ್ಲಿ ತೂಗುವುದು ನಾಲ್ಕೈದು ಕಿಲೋ ಮಾತ್ರ, ಸರಿಯಾಗಿ ಕಟ್ಟಿದ ಜಾಕೆಟ್ ಅದನ್ನು ಸಲೀಸಾಗಿ ಎತ್ತಿ ಹಿಡಿಯುತ್ತದೆ. ಆದರೆ ದೊಡ್ಡವರ ಜಾಕೆಟ್ಟನ್ನು ಆರು ವರ್ಷದ ಮಗುವಿಗೆ ಹಾಕಿದರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲಕ್ಕೆ, ಮಗು ಕೆಳಕ್ಕೆ ಜಾರುತ್ತದೆ. ಚಿಕ್ಕ ಮಕ್ಕಳ ಜಾಕೆಟ್ಟಿಗೆ ಎರಡು ಕಾಲುಗಳ ನಡುವೆ ಹಾಯಿಸಿ ಮುಂದೆ ಬಿಗಿಯುವ ಪಟ್ಟಿ ಇರುವುದು ಅದಕ್ಕೇ. ತೊಡಿಸಿದ ಮೇಲೆ ಎರಡೂ ಭುಜಗಳ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಜಾಕೆಟ್ ಕಿವಿಯ ತನಕ ಬಂದರೆ ಪಟ್ಟಿ ಬಿಚ್ಚಿ, ಇನ್ನೊಂದು ಅಳತೆಯದನ್ನು ತರಿಸಿ, ಅಲ್ಲಿಯ ತನಕ ಆ ದೋಣಿ ದಕ್ಕೆಯಲ್ಲೇ ಕಾಯಬೇಕು.